ನಾಲ್ಕಕ್ಷರದ ಕಾಟ

ಬ್ಯಾಂಕುಗಳಿಗೆ ಕಂಪ್ಯೂಟರ್ ಬರುವ ಮುಂಚೆ ಲೆಕ್ಕವೆಲ್ಲ ಲೆಡ್ಜರ್ ಎಂಬ ದಪ್ಪ ಪುಸ್ತಕಗಳಲ್ಲಿ ಇರುತ್ತಿತ್ತು. ಒಂದು ಪುಟ ತುಂಬಿತೆಂದರೆ ಕೆಳಗೆ ಮೊತ್ತ ಬರೆದು 'ಕ್ಯಾರೀಡ್ ಫಾರ್ವರ್ಡ್' ಎಂದು ಹಾಕಬೇಕು. ಮುಂದಿನ ಪುಟದ ತಲೆಯಲ್ಲಿ ಅದೇ ಮೊತ್ತ ಬರೆದು 'ಬ್ರಾಟ್ ಫಾರ್ವರ್ಡ್' ಎಂದು ಹಾಕಬೇಕು. ಹಿಂದಿನ ಪುಟದಿಂದ ಹೊತ್ತು ತಂದದ್ದು ಎಂದು ಅದರ ಅರ್ಥ. ಗುಮಾಸ್ತನಾಗಿ ಸೇರಿ ಗುಮಾಸ್ತನಾಗಿಯೇ ನಿವೃತ್ತನಾದ ನಾನು ಈ ಮಾತನ್ನು ಎಷ್ಟು ಸಾವಿರ ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಅವಸರದಲ್ಲಿ ಬಿ, ಒಂದು ಓರೆಗೆರೆ, ಎಫ್ ಎಂದು ಚುಟುಕಾಗಿ ಗೀಚುತ್ತಿದ್ದೆವು. ಪೂರ್ತಿ ಬರೆಯುವಾಗ ಮಾತ್ರ ಆ 'ಬ್ರಾಟ್' ಎಂಬುದಕ್ಕೆ ಏಳು ಅಕ್ಷರ ಬೇಕು: ಬಿ-ಆರ್-ಓ-ಯು-ಜಿ-ಎಚ್-ಟಿ. ಬಾಯಲ್ಲಿ ಹೊರಡುವುದು ನಾಲ್ಕೇ ಸದ್ದು: ಬ್, ರ್, ಆ, ಟ್. ನಡುವೆ ಕೂತ ಓ-ಯು-ಜಿ-ಎಚ್ ನಾಲ್ವರೂ ಸೇರಿ ಒಂದು 'ಆ' ಅನ್ನುತ್ತಾರೆ, ಅಷ್ಟೇ. ನಾಲ್ಕು ಜನಕ್ಕೆ ಸಂಬಳ, ಒಬ್ಬನ ಕೆಲಸ. ಊಟದ ಬಿಡುವಿನಲ್ಲಿ ಇದನ್ನು ಹೇಳಿಕೊಂಡು ನಾವು ನಗುತ್ತಿದ್ದುದುಂಟು.

ಆ ಒಂದು ಕೆಲಸವನ್ನಾದರೂ ಎಲ್ಲ ಕಡೆ ಒಂದೇ ಥರ ಮಾಡುತ್ತಾರೆಯೇ ಅಂದರೆ ಅದೂ ಇಲ್ಲ. ಮಕ್ಕಳು ಒಂದು ಪೆನ್ಸಿಲ್ಲು, ಒಂದು ಚೂರು ಕಾಗದ ಹಿಡಿದು ಕೂತರೆ ಒಳ್ಳೆಯದು. ನಾನು ಅಕ್ಷರಗಳ ಹೆಸರು ಹೇಳುತ್ತಾ ಹೋಗುತ್ತೇನೆ, ನೀವು ಬರೆದುಕೊಳ್ಳಿ. ಪ್ರತಿ ಸಲವೂ ಓ-ಯು-ಜಿ-ಎಚ್ ಎಂದು ಹೇಳುತ್ತಾ ಕೂತರೆ ಸಂಪಾದಕರು ಬೇಸರಿಸಿಯಾರು. ಅದಕ್ಕೆ 'ನಾಲ್ವರು' ಎಂದುಬಿಡುತ್ತೇನೆ.

ನಾಲ್ವರ ಮುಂದೆ ಒಂದು ಟಿ ಇಡಿ. ಟಫ್, ಅಂದರೆ ಗಟ್ಟಿ, ಕಷ್ಟ. ಟಿ-ಎಚ್ ಇಡಿ. ದೋ, ಅಂದರೆ 'ಆದರೂ'. ಟಿ-ಎಚ್-ಆರ್ ಇಡಿ. ಥ್ರೂ, ಅಂದರೆ 'ಮೂಲಕ'. ಸರ್ಕಾರಿ ನೌಕರಿ ಮಾಡಿದ ಅಜ್ಜಂದಿರಿಗೆಲ್ಲ 'ಥ್ರೂ ಪ್ರಾಪರ್ ಚಾನೆಲ್' ಎಂದು ಅರ್ಜಿಯ ತಲೆಯ ಮೇಲೆ ಬರೆದದ್ದು ನೆನಪಿರುತ್ತದೆ. ಈಗ ಆ 'ದೋ' ಪದದ ಬಾಲಕ್ಕೆ ಒಂದು ಟಿ ಅಂಟಿಸಿ. ಥಾಟ್ ಆಯಿತು, ಯೋಚನೆ. ಮತ್ತೆ 'ಥ್ರೂ'ಗೆ ಬನ್ನಿ. ಅದರ ಎಚ್ ಮತ್ತು ಆರ್ ನಡುವೆ ಒಂದು ಓ ತೂರಿಸಿ. ನಾವು ಅದನ್ನು ಥರೋ ಅನ್ನುತ್ತೇವೆ, ಕೂಲಂಕಷ ಎಂದು ಅರ್ಥ. ಇಂಗ್ಲೆಂಡಿನವರ ಬಾಯಲ್ಲಿ ಮಾತ್ರ ಅದು ಹೆಚ್ಚುಕಡಿಮೆ ನಮ್ಮ 'ಒಂಥರ'ದಲ್ಲಿರುವ ಥರವೇ!

ಸಿ ಇಟ್ಟರೆ ಕಾಫ್, ಕೆಮ್ಮು. ಆರ್ ಇಟ್ಟರೆ ರಫ್, ಒರಟು. ಡಿ ಇಟ್ಟರೆ ಡೋ, ಚಪಾತಿಗೆ ಕಲಸಿಟ್ಟ ಹಿಟ್ಟು. ಬಿ ಇಟ್ಟರೆ ಬೌ, ಮರದ ಕೊಂಬೆ. ಪಿ-ಎಲ್ ಇಟ್ಟರೆ ಪ್ಲೌ, ನೇಗಿಲು. ಟಿ-ಆರ್ ಇಟ್ಟರೆ ಟ್ರಾಫ್, ದನಗಳಿಗೆ ನೀರು ಹಾಕುವ ಬಾನಿ. ಬಿಕ್ಕಳಿಕೆಗೆ ಇಂಗ್ಲಿಷಿನಲ್ಲಿ ಹಿಕ್ಕಪ್ ಅನ್ನುತ್ತಾರಲ್ಲ, ಅದನ್ನು ಹಿಂದೆ ಉಚ್ಚಾರಕ್ಕೆ ತಕ್ಕಂತೆ ಯು-ಪಿ ಹಾಕಿಯೇ ಬರೆಯುತ್ತಿದ್ದರು. ಯಾರೋ ಪಂಡಿತರು ಬಿಕ್ಕಳಿಕೆಯೂ ಕೆಮ್ಮೂ ಅಣ್ಣತಮ್ಮಂದಿರು ಎಂದು ತಿಳಿದು ಅದರ ಕೊನೆಗೆ 'ಕಾಫ್' ಪದವನ್ನು ತಂದು ಜೋಡಿಸಿದರು. ಬರವಣಿಗೆ ಬದಲಾಯಿತು, ಬಾಯಿ ಬದಲಾಗಲಿಲ್ಲ. ಆ ಕಾಗುಣಿತ ಇವತ್ತಿಗೂ ನಿಘಂಟಿನಲ್ಲಿ ಇದೆ, ಓದುವುದು ಹಿಕ್ಕಪ್ ಎಂದೇ. ಹಾಗೆ ನಾಲ್ವರಿಗೆ 'ಅಪ್' ಎಂಬ ಇನ್ನೊಂದು ವೇಷವೂ ಬಂತು.

ಐರ್ಲೆಂಡಿನಲ್ಲಿ ಸರೋವರಕ್ಕೆ ಎಲ್ ಹಾಕಿ ನಾಲ್ವರನ್ನು ಬರೆಯುತ್ತಾರೆ. ಅದನ್ನು ಓದುವುದು ಲಾಖ್ ಎಂದು. ಆ ಖ್ ನಮ್ಮ ಖ ಅಲ್ಲ, ಉರ್ದು ಮಾತಾಡುವವರು 'ಖಬರ್' ಅನ್ನುವಾಗ ಗಂಟಲ ಆಳದಿಂದ ಉಜ್ಜಿಕೊಂಡು ಬರುತ್ತದಲ್ಲ, ಆ ಸದ್ದು. ಇದನ್ನು ನೆನಪಿಟ್ಟುಕೊಳ್ಳಿ. ಕಥೆಯ ಬೀಗದಕೈ ಇರುವುದು ಈ ಸದ್ದಿನಲ್ಲೇ.

ಅದಕ್ಕೆ ಮುಂಚೆ ಎರಡು ಪದಗಳ ಬಗ್ಗೆ ಹೇಳಬೇಕು. ಕೆಲಸದ ಮೊದಲ ವರ್ಷಗಳನ್ನು ನಾನು ಕಳೆದದ್ದು ಚಳ್ಳಕೆರೆ ಸೀಮೆಯ ಒಂದು ಹಳ್ಳಿಯ ಶಾಖೆಯಲ್ಲಿ. ಶೇಂಗಾ ಬೆಳೆಯುವ ನೆಲ, ಮಳೆ ನಂಬಿಕೆಯಿಲ್ಲದ ನೆಲ. ಎತ್ತು ಮತ್ತು ಕಬ್ಬಿಣದ ನೇಗಿಲಿಗೆಂದು ಸಾಲ ಕೊಡುತ್ತಿದ್ದೆವು. ಲೆಡ್ಜರಿನಲ್ಲಿ ಅದಕ್ಕೆ 'ಪ್ಲೌ' ಎಂದು ಬರೆಯುತ್ತಿದ್ದೆವು. ಮಳೆ ಕೈಕೊಟ್ಟು ಸರ್ಕಾರ ತಾಲ್ಲೂಕನ್ನು ಬರಪೀಡಿತ ಎಂದು ಸಾರಿದರೆ, ಆ ವರ್ಷದ ಬೆಳೆಸಾಲವನ್ನು ಕೆಲವು ವರ್ಷಗಳ ಕಂತಿನ ಸಾಲವಾಗಿ ಮಾರ್ಪಡಿಸುವ ಕ್ರಮ ಇತ್ತು, ಈಗಲೂ ಇದೆ. ಹಾಗೆ ಮಾರ್ಪಡಿಸಿದಾಗ ಲೆಡ್ಜರಿನಲ್ಲಿ ಬರೆಯುತ್ತಿದ್ದ ಪದ 'ಡ್ರೌಟ್', ಅಂದರೆ ಬರ. ಡಿ-ಆರ್, ನಾಲ್ವರು, ಟಿ.

ಅಂಥದ್ದೊಂದು ವರ್ಷ ಒಬ್ಬ ಯಜಮಾನರು ಕಾಗದಕ್ಕೆ ಹೆಬ್ಬೆಟ್ಟು ಒತ್ತಲು ಬಂದಿದ್ದರು. ಲೆಡ್ಜರು ಕೌಂಟರಿನ ಮೇಲೆ ತೆರೆದೇ ಇತ್ತು. ಅವರಿಗೆ ಕನ್ನಡ ಅಕ್ಷರವೂ ಬರುತ್ತಿರಲಿಲ್ಲ, ಇಂಗ್ಲಿಷಿನ ಮಾತು ಬಿಡಿ. ಹೆಬ್ಬೆರಳ ಮಸಿಯನ್ನು ತಲೆಗೆ ಒರೆಸಿಕೊಂಡು, ನಾನು ಆಗಷ್ಟೇ ಬರೆದ ಸಾಲನ್ನು ನೋಡುತ್ತಾ ನಿಂತರು.

"ಇದೇನು ಬರ್ದಿದ್ದು ಸ್ವಾಮೀ?"

"ಬರ ಅಂತ ಯಜಮಾನ್ರೇ. ಬರದಿಂದ ಸಾಲ ಕಂತಿಗೆ ಹಾಕಿದ್ದೀವಿ ಅಂತ."

ಅವರ ಬೆರಳು ನಿಧಾನವಾಗಿ ಪುಟದ ಮೇಲಕ್ಕೆ ಹೋಯಿತು. ಅಲ್ಲಿ ಎರಡು ವರ್ಷದ ಹಿಂದಿನ ಸಾಲು ಇತ್ತು.

"ಮ್ಯಾಲೂ ಇದೇ ಐತಲ್ಲ."

"ಅದು ಬರ ಅಲ್ಲ, ನೇಗಿಲು."

"ಅಲ್ಲ, ನಡುವಿಂದು ನೋಡ್ರಿ. ಒಂದೇ ತರ ಇಲ್ವಾ?"

ನಾನು ನೋಡಿದೆ. ನಾಲ್ವರು ಅಲ್ಲೂ ಇದ್ದರು, ಇಲ್ಲೂ ಇದ್ದರು. ಓದಲು ಬಾರದ ಕಣ್ಣಿಗೆ ಕಂಡದ್ದು, ದಿನಾ ಬರೆಯುವ ನನ್ನ ಕಣ್ಣಿಗೆ ಅಲ್ಲಿಯವರೆಗೆ ಬಿದ್ದೇ ಇರಲಿಲ್ಲ. ಹೌದು, ಎರಡರಲ್ಲೂ ಅದೇ ನಾಲ್ಕು ಅಕ್ಷರ ಎಂದೆ.

"ಹಂಗಾದ್ರೆ ನೇಗ್ಲಾಗೇ ಬರ ಕುಂತೈತೆ ಅನ್ರಿ" ಎಂದು ಅವರು ನಕ್ಕು, ಟವಲ್ಲು ಹೆಗಲಿಗೆ ಹಾಕಿಕೊಂಡು ಹೊರಟರು. ಆ ನಗುವಿನ ಹಿಂದೆ ಏನಿತ್ತು ಎಂದು ಬರಗಾಲ ಕಂಡವರಿಗೆ ಹೇಳಬೇಕಾಗಿಲ್ಲ. ಆ ವರ್ಷ ಅವರ ಎತ್ತುಗಳು ಸಂತೆಗೆ ಹೋಗಿದ್ದವು.

ಆಮೇಲೆ ಈ ನಾಲ್ಕಕ್ಷರ ನನ್ನ ತಲೆಯಿಂದ ಹೋಯಿತು. ಮತ್ತೆ ಮನೆಗೆ ಬಂದು ಕದ ತಟ್ಟಿದ್ದು ಮೊಮ್ಮಗಳ ಕಾರಣದಿಂದ.

ಅವಳು ನಾಲ್ಕನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿದವಳು. ಮಗನಿಗೆ ಬೆಂಗಳೂರಿಗೆ ವರ್ಗವಾದ ಮೇಲೆ ಐದನೆಯದಕ್ಕೆ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿಸಿದರು. ಹುಡುಗಿ ಚುರುಕು. ಅದರಲ್ಲೂ ಗಟ್ಟಿಯಾಗಿ ಓದುವುದೆಂದರೆ ಪ್ರಾಣ. ನನ್ನಾಕೆಗೆ ಕಣ್ಣಿನ ತೊಂದರೆಯಿಂದ ಸಣ್ಣ ಅಕ್ಷರ ಕಾಣುವುದಿಲ್ಲ. ವಾರಪತ್ರಿಕೆ ಬಂದ ದಿನ ಸಂಜೆ ಅಜ್ಜಿಯನ್ನು ಜಗಲಿಯ ಕುರ್ಚಿಯಲ್ಲಿ ಕೂರಿಸಿ, ತಾನು ಮೆಟ್ಟಿಲ ಮೇಲೆ ಕೂತು, ಕಥೆಯಿಂದ ಹಿಡಿದು ಅಡುಗೆಯವರೆಗೆ ಒಂದೂ ಬಿಡದೆ ಓದಿ ಹೇಳುತ್ತಿದ್ದಳು. ಹುಲಿ ಬಂದರೆ ಹುಲಿಯ ದನಿ, ಮುದುಕಿ ಬಂದರೆ ಮುದುಕಿಯ ದನಿ. ಅಜ್ಜಿಗೆ ಅದು ವಾರದ ಹಬ್ಬ.

ಒಂದು ವಾರ ಓದಲಿಲ್ಲ. ತಲೆನೋವು ಅಂದಳು. ಮರುವಾರ ಹೋಂವರ್ಕ್ ಅಂದಳು. ಮೂರನೆಯ ವಾರ ಪತ್ರಿಕೆಯನ್ನು ಎತ್ತಿಕೊಂಡು ಒಳಗೆ ಹೋಗಿ ಮನಸ್ಸಿನಲ್ಲೇ ಓದಿಕೊಂಡು ತಂದಿಟ್ಟಳು. ಅಜ್ಜಿ ಏನೂ ಅನ್ನಲಿಲ್ಲ; ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂತಿದ್ದು ಎದ್ದುಹೋದಳು. ಆ ಖಾಲಿ ಮೆಟ್ಟಿಲು ನೋಡಿ ನನಗೆ ತಡೆಯಲಾಗಲಿಲ್ಲ.

ಮೆಲ್ಲಗೆ ಕೇಳಿದಾಗ ವಿಷಯ ಹೊರಬಂತು. ತರಗತಿಯಲ್ಲಿ ಒಬ್ಬೊಬ್ಬರೂ ಎದ್ದು ನಿಂತು ಒಂದೊಂದು ಪ್ಯಾರಾ ಓದಬೇಕು. ಇವಳ ಪಾಲಿಗೆ ಬಂದ ಪ್ಯಾರಾದಲ್ಲಿ ರೈತ ಹೊಲ ಉಳುವ ಮಾತಿತ್ತು. ಹಿಂದಿನ ವಾರವಷ್ಟೇ ರಫ್, ಟಫ್, ಇನಫ್ ಎಂಬ ಮೂರು ಪದ ಕಲಿತಿದ್ದ ಹುಡುಗಿ, ಪಿ-ಎಲ್ ಮತ್ತು ನಾಲ್ವರನ್ನು ಕಂಡು ಧೈರ್ಯವಾಗಿ 'ಪ್ಲಫ್' ಎಂದು ಓದಿದಳು. ತರಗತಿ ಗೊಳ್ಳೆಂದಿತು. ಟೀಚರು ಕೂರಿಸಿ ಸರಿಪಡಿಸಬಹುದಿತ್ತು. ನಿಲ್ಲಿಸಿ ಹತ್ತು ಸಲ ಹೇಳಿಸಿದರಂತೆ. ಆವತ್ತಿನಿಂದ ಪಕ್ಕದ ಬೆಂಚಿನ ಹುಡುಗರು ಅವಳನ್ನು ಕರೆಯುವುದೇ ಪ್ಲಫ್ ಎಂದು.

"ತಾತಾ, ನಂಗೆ ಓದೋಕೆ ಬರಲ್ಲ ಅನ್ಸುತ್ತೆ" ಅಂದಳು. ಹತ್ತು ವರ್ಷದ ಮಗು ಹೇಳುವ ಮಾತೇ ಇದು?

ನನಗೆ ಟೀಚರ ಮೇಲೆ ಸಿಟ್ಟು ಬಂದದ್ದು ನಿಜ. ಆದರೆ ಸಿಟ್ಟಿನಿಂದ ಮಗುವಿಗೆ ಏನು ಸಿಗುತ್ತದೆ? ಹಳೆಯ ಡೈರಿಯೊಂದನ್ನು ತೆಗೆದು, ಲೆಡ್ಜರಿನ ಹಾಗೆ ಗೆರೆ ಎಳೆದು, ಈ ನಾಲ್ವರು ಬರುವ ಪದಗಳನ್ನೆಲ್ಲ ಖಾತೆ ಹಾಕೋಣ ಬಾ ಅಂದೆ. ಒಂದು ಕಾಲಮ್ಮಿನಲ್ಲಿ ಪದ, ಒಂದರಲ್ಲಿ ಉಚ್ಚಾರ, ಒಂದರಲ್ಲಿ ಅರ್ಥ. ನಿಘಂಟು ಹಿಡಿದು ಕೂತೆವು. ಹತ್ತು ದಿನದಲ್ಲಿ ಮೂವತ್ತಕ್ಕೂ ಮೇಲೆ ಪದ ಸಿಕ್ಕಿದವು. ಉಚ್ಚಾರದ ಕಾಲಮ್ಮು ನೋಡಿದರೆ ಅಫ್, ಓ, ಊ, ಆ, ಅ, ಆಫ್, ಔ, ಅಪ್. ಟ್ಯಾಲಿ ಆಗುವ ಲಕ್ಷಣವೇ ಇಲ್ಲ.

"ಈಗ ಹೇಳು, ಮೂರು ಸಲ 'ಅಫ್' ಅಂತ ಹೇಳಿಕೊಟ್ಟು ನಾಲ್ಕನೇ ಸಲ 'ಔ' ಅನ್ನು ಅಂದರೆ ತಪ್ಪು ಯಾರದು?" ಅಂದೆ. ಅವಳು ಪಟ್ಟಿಯನ್ನೇ ನೋಡುತ್ತಿದ್ದವಳು, "ಇವರು ಯಾಕೆ ಹೀಗೆ ಮಾಡಿದ್ರು ತಾತಾ?" ಎಂದು ಕೇಳಿದಳು. ಬಿ.ಕಾಂ. ಓದಿದ ನನಗೆ ಈ ಪ್ರಶ್ನೆ ಯಾವ ಪರೀಕ್ಷೆಯಲ್ಲೂ ಬಂದಿರಲಿಲ್ಲ. ಲೈಬ್ರರಿಗೆ ಹೋಗಿ ಇಂಗ್ಲಿಷ್ ಭಾಷೆಯ ಚರಿತ್ರೆಯ ಪುಸ್ತಕಗಳನ್ನು ತಂದು ಓದಿದೆ. ಓದಿ ತಿಳಿದದ್ದು ಹೀಗೆ.

ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಈ ಜಾಗದಲ್ಲಿ ನಿಜವಾಗಿಯೂ ಒಂದು ಸದ್ದಿತ್ತು. ಅದೇ, ಗಂಟಲು ಉಜ್ಜುವ 'ಖಬರ್'ನ ಸದ್ದು. ಆಗ ಅದನ್ನು ಬರೀ ಎಚ್ ಹಾಕಿ ಬರೆಯುತ್ತಿದ್ದರು. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯ ದೊರೆ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಆಮೇಲೆ ಬರವಣಿಗೆ ಫ್ರೆಂಚ್ ರೂಢಿಯಲ್ಲಿ ಪಳಗಿದ ಲಿಪಿಕಾರರ ಕೈಗೆ ಹೋಯಿತು. ಈ ಗಂಟಲಿನ ಸದ್ದನ್ನು ಬರೆಯಲು ಕೊನೆಗೆ ನಿಂತದ್ದು ಜಿ-ಎಚ್ ಎಂಬ ಜೋಡಿ. ಆಗಲೂ ಜನ ಅದನ್ನು ಉಚ್ಚರಿಸುತ್ತಲೇ ಇದ್ದರು. ರಾತ್ರಿಗೆ ಈಗ ನೈಟ್ ಅನ್ನುತ್ತಾರಲ್ಲ, 1400ರಲ್ಲಿ ತೀರಿಕೊಂಡ ಚಾಸರ್ ಕವಿಯ ಕಾಲಕ್ಕೆ ಅದು 'ನಿಖ್ತ್' ಎಂಬಂತೆ ಕೇಳುತ್ತಿತ್ತು. ಇಂಗ್ಲಿಷಿನ ದಾಯಾದಿಯಾದ ಜರ್ಮನಿನಲ್ಲಿ ಇಂದಿಗೂ ರಾತ್ರಿಗೆ 'ನಾಖ್ಟ್', ಮಗಳಿಗೆ 'ಟೋಖ್ಟರ್'. ಇಂಗ್ಲಿಷಿನ 'ಡಾಟರ್' ಪದದ ನಡುವಿನ ಜಿ-ಎಚ್ ಮೂಕವಾಗಿದೆ, ಅಲ್ಲಿ ಮಾತಾಡುತ್ತಿದೆ.

1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಎಂಬಾತ ಲಂಡನ್ನಿನ ವೆಸ್ಟ್‌ಮಿನ್‌ಸ್ಟರಿನಲ್ಲಿ ಇಂಗ್ಲೆಂಡಿನ ಮೊದಲ ಅಚ್ಚುಕೂಟ ತೆರೆದ. ಅಲ್ಲಿಯವರೆಗೆ ಒಬ್ಬೊಬ್ಬ ಲಿಪಿಕಾರ ಒಂದೊಂದು ಥರ ಬರೆಯುತ್ತಿದ್ದ. ಅಚ್ಚು ಬಂದ ಮೇಲೆ ಕಾಗುಣಿತ ನಿಧಾನವಾಗಿ ಗಟ್ಟಿಯಾಗುತ್ತಾ ಬಂತು. ದುರದೃಷ್ಟ ಎಂದರೆ, ಬರವಣಿಗೆ ಗಟ್ಟಿಯಾದ ಆ ಇನ್ನೂರು ವರ್ಷಗಳಲ್ಲೇ ಬಾಯಿ ಸಡಿಲವಾಗಿತ್ತು. ದೀರ್ಘ ಸ್ವರಗಳೆಲ್ಲ ಜಾಗ ಬದಲಿಸಿದವು. ಗಂಟಲಿನ ಆ ಸದ್ದು ಕೆಲವು ಪದಗಳಲ್ಲಿ ಸುಮ್ಮನೆ ಕರಗಿಹೋಯಿತು: ಥ್ರೂ, ದೋ, ಪ್ಲೌ. ಕೆಲವು ಪದಗಳಲ್ಲಿ ತುಟಿಗೆ ಬಂದು 'ಫ್' ಆಯಿತು: ಕಾಫ್, ಟಫ್, ಲಾಫ್. ಗಂಟಲಿನ ಸದ್ದು ತುಟಿಗೆ ಹೇಗೆ ಬಂತು ಎಂದು ಮೊಮ್ಮಗಳು ಕೇಳಿದಳು. ತುಟಿ ಗುಂಡಗೆ ಮಾಡಿ 'ಊ' ಎನ್ನುತ್ತಾ, ಹಾಗೆಯೇ ಗಂಟಲಿನಿಂದ ಗಾಳಿ ಉಜ್ಜಿ ಬಿಡು ಅಂದೆ. ಮಾಡಿದಳು. ಕೊನೆಗೆ 'ಫ್' ಎಂಬಂತೆಯೇ ಕೇಳಿಸಿತು. ಮಕ್ಕಳೇ, ನೀವೂ ಮಾಡಿ ನೋಡಿ. ಅಜ್ಜ ಅಜ್ಜಿಯರು ಹಲ್ಲಿನ ಸೆಟ್ಟು ಹಾಕಿಕೊಂಡು ಮಾಡಿ.

ಒಂದೊಂದು ಸೀಮೆಯಲ್ಲಿ ಒಂದೊಂದು ಉಚ್ಚಾರ, ಎಲ್ಲ ಸೀಮೆಯವರೂ ಬಂದು ಸೇರುವುದು ಲಂಡನ್ನಿಗೆ. ಅಲ್ಲಿ ಒಂದು ಪದ ಉತ್ತರದವರದು ಉಳಿಯಿತು, ಒಂದು ದಕ್ಷಿಣದವರದು ಉಳಿಯಿತು. ಅಚ್ಚಿನ ಮೊಳೆ ಮಾತ್ರ ಎಲ್ಲದಕ್ಕೂ ಅದೇ ಹಳೆಯ ಓ-ಯು-ಜಿ-ಎಚ್. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಮ್ಯಾನೇಜರಿಗೆ ವರ್ಗವಾಗಿ ಐನೂರು ವರ್ಷವಾಗಿದೆ, ಬಾಗಿಲಿನ ಮೇಲಿನ ಹೆಸರಿನ ಹಲಗೆ ಇನ್ನೂ ತೆಗೆದಿಲ್ಲ.

ಬೇಕೆಂದಾಗ ತೆಗೆದದ್ದೂ ಉಂಟು. ಕುಳ್ಳನಿಗೆ ಡ್ವಾರ್ಫ್ ಅನ್ನುತ್ತಾರಲ್ಲ, ಅದರ ಕೊನೆಯಲ್ಲೂ ಹಿಂದೆ ಗಂಟಲಿನ ಸದ್ದೇ ಇತ್ತು. ಅಲ್ಲಿ ಮಾತ್ರ ಮರ್ಯಾದೆಯಾಗಿ ಎಫ್ ಎಂದು ಬರೆದುಕೊಂಡರು. ನಾನು ದಿನಾ ಬರೆಯುತ್ತಿದ್ದ ಡಿಮ್ಯಾಂಡ್ ಡ್ರಾಫ್ಟಿನ 'ಡ್ರಾಫ್ಟ್' ಕೂಡ ಹಾಗೆಯೇ. ಅದರ ಹಳೆಯ ರೂಪದಲ್ಲಿ ಎ-ಯು-ಜಿ-ಎಚ್ ಇತ್ತು. ಕೇಳಿದಂತೆ ಬರೆಯೋಣ ಎಂದು ಎಫ್ ಹಾಕಿದ ರೂಪ ಲೆಕ್ಕಪತ್ರದಲ್ಲಿ ನಿಂತಿತು. ದುಡ್ಡಿನ ವ್ಯವಹಾರದಲ್ಲಿ ಎಲ್ಲರಿಗೂ ಬುದ್ಧಿ ಬೇಗ ಬರುತ್ತದೆ.

ಇಲ್ಲಿ ನಮ್ಮ ಕನ್ನಡದ ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಹತ್ತನೆಯ ಶತಮಾನದ ಪಂಪನ ಕಾಲದಲ್ಲಿ ಹಾಲಿಗೆ 'ಪಾಲ್', ಹೂವಿಗೆ 'ಪೂ', ಹುಲಿಗೆ 'ಪುಲಿ'. ಮುಂದೆ ಜನರ ಬಾಯಲ್ಲಿ ಪಕಾರ ಹಕಾರವಾಯಿತು. ನಮ್ಮವರು ಏನು ಮಾಡಿದರು? ಬಾಯಿ ಹಾಲು ಎಂದರೆ ಕೈಯೂ ಹಾಲು ಎಂದೇ ಬರೆಯಿತು. ಇಂಗ್ಲಿಷಿನವರ ದಾರಿ ಹಿಡಿದಿದ್ದರೆ ನಾವು ಇವತ್ತು 'ಪಾಲು' ಎಂದು ಬರೆದು ಹಾಲು ಎಂದು ಓದಬೇಕಾಗಿತ್ತು. ಆಗ ಅಣ್ಣತಮ್ಮಂದಿರ ಪಾಲಿನ ಗತಿ ಏನು?

ಇನ್ನೂ ಹತ್ತಿರದ ಉದಾಹರಣೆ ಇದೆ. ಹಳಗನ್ನಡದಲ್ಲಿ ೞ ಎಂಬ ಒಂದು ಅಕ್ಷರ ಇತ್ತು. ತಮಿಳರೂ ಮಲಯಾಳಿಗಳೂ ಇಂದಿಗೂ ನಾಲಿಗೆ ಹಿಂದಕ್ಕೆ ಮಡಿಸಿ ಹೇಳುವ ಸದ್ದು ಅದು. ಮಳೆ ಆಗ 'ಮೞೆ', ಬಾಳೆ ಆಗ 'ಬಾೞೆ'. ನಮ್ಮ ಬಾಯಲ್ಲಿ ಆ ಸದ್ದು ಹೋಯಿತು. ಹೋದ ಮೇಲೆ ಅಕ್ಷರವನ್ನೂ ಗೌರವದಿಂದ ಬೀಳ್ಕೊಟ್ಟೆವು. ಈಗ ಅದು ಹಳೆಯ ಕಾವ್ಯಗಳಲ್ಲಿ, ವ್ಯಾಕರಣಗಳಲ್ಲಿ ಇದೆ. ಮೂರನೆಯ ತರಗತಿಯ ಮಗುವಿನ ಬೆನ್ನ ಮೇಲೆ ಇಲ್ಲ.

ಹಾಗೆಂದು ಬೀಗಬೇಕಾಗಿಲ್ಲ. ಮೊಮ್ಮಗಳು ಮಾರನೆಯ ದಿನವೇ ಒಂದು ಚೀಟಿ ತಂದಳು. ಅದರಲ್ಲಿ ಮೂರು ಪದ: ಜ್ಞಾನ, ಬ್ರಹ್ಮ, ಚಿಹ್ನೆ. "ಗ್ನಾನ ಅಂತೀವಿ, ಜ ಕೆಳಗೆ ಞ ಯಾಕೆ ಬರೀತೀವಿ? ಬ್ರಮ್ಹ ಅಂತೀವಿ, ಹ ಮೊದಲು ಯಾಕೆ ಬರುತ್ತೆ?" ಸಂಸ್ಕೃತದಿಂದ ಬಂದ ಪದಗಳ ಕಾಗುಣಿತವನ್ನು ನಾವು ಹಾಗೇ ಇಟ್ಟುಕೊಂಡಿದ್ದೇವೆ ಎಂದು ವಿವರಿಸಿದೆ. "ಅಂದ್ರೆ ನಮ್ಮಲ್ಲೂ ಹಳೇ ಹಲಗೆ ಇದೆ" ಅಂದಳು. ಇದೆ ತಾಯಿ, ಇದೆ. ಆದರೂ ಬಾಯಿಪಾಠ ಮಾಡಬೇಕಾದಂಥವು ಬೆರಳೆಣಿಕೆಯಷ್ಟು, ಅಲ್ಲಿ ಸಾವಿರಗಟ್ಟಲೆ.

ಇಂಗ್ಲಿಷಿನವರೇ ಇದರಿಂದ ಬೇಸತ್ತದ್ದುಂಟು. ಅಮೆರಿಕದ ನೋವಾ ವೆಬ್‌ಸ್ಟರ್ 1828ರಲ್ಲಿ ತನ್ನ ದೊಡ್ಡ ನಿಘಂಟು ತಂದಾಗ ಅನೇಕ ಪದಗಳ ಅನಾವಶ್ಯಕ ಅಕ್ಷರಗಳನ್ನು ಕಿತ್ತುಹಾಕಿದ. ಅಮೆರಿಕದವರು ನೇಗಿಲನ್ನು ಪಿ-ಎಲ್-ಓ-ಡಬ್ಲ್ಯು ಎಂದು ಬರೆಯುತ್ತಾರೆ, ನೋಡಿ. ಅಲ್ಲಿ ಹುಟ್ಟಿದ ಮಗು ಪ್ಲಫ್ ಅನ್ನುವ ಪ್ರಮೇಯವೇ ಇಲ್ಲ. 1906ರಲ್ಲಿ ಅಲ್ಲಿಯ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್, ಮುನ್ನೂರು ಪದಗಳನ್ನು ಸರಳ ಕಾಗುಣಿತದಲ್ಲೇ ಅಚ್ಚು ಮಾಡಬೇಕೆಂದು ಸರ್ಕಾರಿ ಮುದ್ರಣಾಲಯಕ್ಕೆ ಆಜ್ಞೆ ಮಾಡಿದರು. ಥ್ರೂ ಪದಕ್ಕೆ ಟಿ-ಎಚ್-ಆರ್-ಯು, ದೋ ಪದಕ್ಕೆ ಟಿ-ಎಚ್-ಓ. ಪತ್ರಿಕೆಗಳು ಗೇಲಿ ಮಾಡಿದವು, ಅಲ್ಲಿಯ ಸಂಸತ್ತು ತಿರುಗಿಬಿತ್ತು, ವರ್ಷ ಮುಗಿಯುವಷ್ಟರಲ್ಲಿ ಅಧ್ಯಕ್ಷರು ಹಿಂದೆ ಸರಿಯಬೇಕಾಯಿತು. ದೇಶ ಆಳುವವರ ಕೈಲೂ ನಾಲ್ಕಕ್ಷರವನ್ನು ಕದಲಿಸಲು ಆಗಲಿಲ್ಲ! ಷಿಕಾಗೋ ಟ್ರಿಬ್ಯೂನ್ ಪತ್ರಿಕೆ ಹಟ ಬಿಡದೆ 1934ರಿಂದ ಇಂಥ ಕೆಲವು ಕಾಗುಣಿತಗಳನ್ನು ಬಳಸಿ, ಕೊನೆಗೆ 1975ರಲ್ಲಿ ತಾನೂ ಕೈಬಿಟ್ಟಿತು. ಈಗ ಹೆದ್ದಾರಿಯ ಪಕ್ಕದ ಹೋಟೆಲುಗಳಲ್ಲಿ 'ಡ್ರೈವ್ ಥ್ರೂ' ಎಂಬ ಫಲಕ ಕಾಣುತ್ತದಲ್ಲ, ಅದರಲ್ಲಿ ನಾಲ್ವರ ಪೈಕಿ ಯು ಒಂದೇ ಉಳಿದಿರುತ್ತದೆ. ರೂಸ್‌ವೆಲ್ಟ್ ಕೈಲಾಗದ್ದನ್ನು ತಿಂಡಿಯವರು ಮಾಡಿಕೊಂಡರು.

ನಾಟಕಕಾರ ಬರ್ನಾರ್ಡ್ ಷಾ ಅಂತೂ, ಇಂಗ್ಲಿಷಿಗೆ ಹೊಸ ಲಿಪಿಯನ್ನೇ ಮಾಡಲಿ ಎಂದು ಉಯಿಲಿನಲ್ಲಿ ದುಡ್ಡು ಇಟ್ಟು 1950ರಲ್ಲಿ ತೀರಿಕೊಂಡರು. ಲಿಪಿ ಸಿದ್ಧವಾಗಿ, 1962ರಲ್ಲಿ ಅವರ ಒಂದು ನಾಟಕ ಆ ಲಿಪಿಯಲ್ಲಿ ಅಚ್ಚಾಯಿತು. ಅಲ್ಲಿಗೆ ಮುಗಿಯಿತು. ಜಿ-ಎಚ್-ಓ-ಟಿ-ಐ ಎಂದು ಬರೆದು ಅದನ್ನು 'ಫಿಶ್' ಎಂದು ಓದಬಹುದು ಎಂಬ ಚಮತ್ಕಾರವನ್ನು ಷಾ ಹೆಸರಿಗೆ ಹಚ್ಚುತ್ತಾರೆ. ಇನಫ್‌ನ ಜಿ-ಎಚ್ ಫ್, ವಿಮೆನ್‌ನ ಓ ಇ, ನೇಷನ್‌ನ ಟಿ-ಐ ಶ್. ಆದರೆ ಷಾ ಹುಟ್ಟುವ ಮುಂಚೆಯೇ, 1855ರ ಒಂದು ಕಾಗದದಲ್ಲಿ ಈ ತಮಾಷೆ ಇದೆ. ನನ್ನ ಮಟ್ಟಿಗೆ ಇದು ಸ್ವಲ್ಪ ಮೋಸದ ಲೆಕ್ಕ. ಪದದ ಮೊದಲಲ್ಲಿ ಜಿ-ಎಚ್ ಬಂದರೆ ಎಲ್ಲೂ ಫ್ ಆಗುವುದಿಲ್ಲ, ಘೋಸ್ಟ್ ಪದದ ಹಾಗೆ ಗ್ ಎಂದೇ ಇರುತ್ತದೆ. ಅಷ್ಟು ಶಿಸ್ತು ಅವರಲ್ಲೂ ಇದೆ, ಅದನ್ನು ಹೇಳಬೇಕು.

ಈ ಕಥೆಗಳನ್ನೆಲ್ಲ ನಾನು ಒಂದೇ ದಿನ ಹೇಳಲಿಲ್ಲ. ಸಂಜೆಗೊಂದು. ಮೆಟ್ಟಿಲ ಮೇಲೆ ಕೂತು ಹೇಳುತ್ತಿದ್ದೆ, ಅಜ್ಜಿಯೂ ಕುರ್ಚಿಯಲ್ಲಿ ಕೂತು ಕೇಳುತ್ತಿದ್ದಳು. ನೇಗಿಲಿನಲ್ಲೇ ಬರ ಕಂಡ ಯಜಮಾನರ ಪ್ರಸಂಗ ಹೇಳಿದ ದಿನ ಹುಡುಗಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅವರಿಗೆ ಓದೋಕೇ ಬರ್ತಿರಲಿಲ್ಲ, ಆದ್ರೂ ಕಂಡುಹಿಡಿದ್ರಲ್ಲ ತಾತಾ" ಅಂದಳು. ಹೌದು ಅಂದೆ. ನಾನು ಬೇರೇನೂ ಸೇರಿಸಲಿಲ್ಲ. ಮುಂದಿನ ಸಲ ಪತ್ರಿಕೆ ಬಂದಾಗ ಅಜ್ಜಿಯ ಹತ್ತಿರ ಹೋಗಿ ಒಂದು ಕಥೆ ಓದಿದಳು. ದನಿ ಸಣ್ಣದಿತ್ತು. ಹುಲಿಯ ಪಾತ್ರ ಇರಲಿಲ್ಲವೋ, ಇದ್ದರೂ ಗರ್ಜಿಸಲಿಲ್ಲವೋ, ಅಡುಗೆಮನೆಯಲ್ಲಿದ್ದ ನನಗೆ ತಿಳಿಯಲಿಲ್ಲ. ಇಂಗ್ಲಿಷ್ ತರಗತಿಯಲ್ಲಿ ಇನ್ನೂ ತಾನಾಗಿ ಕೈ ಎತ್ತುವುದಿಲ್ಲವಂತೆ. ಅದಕ್ಕೆ ಸಮಯ ಬೇಕು.

ನನ್ನ ತಂಗಿಯ ಮಗ ಇಂಗ್ಲೆಂಡಿನಲ್ಲಿದ್ದಾನೆ. ಭಾನುವಾರ ಫೋನು ಮಾಡಿದಾಗ ಡೈರಿಯ ಪಟ್ಟಿಯ ವಿಷಯ ಹೇಳಿದೆ. ಅವನು ನಕ್ಕು, "ಮಾವಾ, ಅದಕ್ಕೆ ಒಂದು ಊರು ಸೇರಿಸಿಕೊಳ್ಳಿ" ಅಂದ. ಲೆಸ್ಟರ್‌ಷೈರ್ ಎಂಬ ಜಿಲ್ಲೆಯಲ್ಲಿ ಒಂದು ಪಟ್ಟಣ. ಹೆಸರನ್ನು ಬರೆಯುವುದು ಎಲ್, ನಾಲ್ವರು, ಬಿ, ಓ, ಆರ್, ಮತ್ತೆ ನಾಲ್ವರು. ಮಕ್ಕಳೇ, ಬರೆದು ನೋಡಿ, ಆಮೇಲೆ ಮುಂದೆ ಓದಿ. ಒಂದೇ ಹೆಸರಿನಲ್ಲಿ ಎರಡು ಸಲ ನಾಲ್ವರು. ಲೌಬರೌ? ಲೂಬರೂ? ಲಾಫ್‌ಬರಾಫ್? ಆ ಊರಿನವರು ಅನ್ನುವುದು 'ಲಫ್‌ಬರ'. ಮೊದಲ ನಾಲ್ವರು ಅಫ್, ಎರಡನೆಯ ನಾಲ್ವರು ಬರೀ ಅ. ಮೊಮ್ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಬರ! ತಾತಾ, ಅಲ್ಲೂ ಬರ ಬಂತು!" ಕಚಗುಳಿ ಇಟ್ಟ ಹಾಗೆ ಮತ್ತೆ ಮತ್ತೆ ಅದನ್ನೇ ಹೇಳಿಕೊಂಡು ನಗುತ್ತಿದ್ದರೆ ಅಜ್ಜಿ ಒಳಗಿನಿಂದ, ಏನಾಯಿತು ಇವಳಿಗೆ, ಎಂದು ಬಂದು ನೋಡಿದಳು.

ಮಾರನೆಯ ಬೆಳಗ್ಗೆ ಆ ಊರಿನ ಹೆಸರನ್ನು ದುಂಡಗಿನ ಅಕ್ಷರದಲ್ಲಿ ಒಂದು ಚೀಟಿಯ ಮೇಲೆ ಬರೆದು ಕಂಪಾಸ್ ಬಾಕ್ಸಿನಲ್ಲಿ ಹಾಕಿಕೊಂಡು ಶಾಲೆಗೆ ಹೋದಳು. ಪಕ್ಕದ ಬೆಂಚಿನವರ ಮುಂದೆ ಏನು ನಡೆಯಿತೋ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಸಂಜೆ ಬಂದವಳು ಬ್ಯಾಗು ಇಳಿಸುವ ಮುಂಚೆಯೇ ಡೈರಿ ತೆಗೆದುಕೊಂಡು ನನ್ನ ಮುಂದೆ ನಿಂತಳು.

"ತಾತಾ, ಇನ್ನೊಂದು ಊರು ಕೊಡು."

ಲಂಡನ್ನಿನ ಪಕ್ಕದಲ್ಲೇ ಒಂದಿದೆ. ಎಸ್, ಎಲ್, ನಾಲ್ವರು. ಊರಿನ ಹೆಸರಾದರೆ ಸ್ಲೌ. ಹಾವು ಕಳಚಿದ ಪೊರೆಗೂ ಅದೇ ಕಾಗುಣಿತ, ಆಗ ಸ್ಲಫ್. ಬರೆದುಕೊಟ್ಟೆ.